ಸಾಕುವವರಿಗೆ ಶೋಕಿ, ಹೊಲದವರಿಗೆ ಸಾಲ

ಹೋದ ಮಳೆಗಾಲದಲ್ಲಿ ಬಸವಕಲ್ಯಾಣ ತಾಲ್ಲೂಕಿನ ಒಂದು ಹಳ್ಳಿಗೆ, ನೆಂಟರ ಮನೆಗೆ ಹೋಗಿದ್ದೆ. ಅಂಗಳದ ಮೂಲೆಯಲ್ಲಿ ಹಳೆಯ ಪೇಂಟ್ ಡಬ್ಬಿ ಇತ್ತು. ಅದರ ಬಾಯಿಗೆ ಸೊಳ್ಳೆಪರದೆಯ ತುಂಡು ಹಾಕಿ ದಾರ ಕಟ್ಟಿದ್ದರು. ಎಂಟನೇ ತರಗತಿ ಓದುವ ಹುಡುಗ ಓಡಿಬಂದು ಪರದೆ ಸರಿಸಿ ತೋರಿಸಿದ. ಒಳಗೆ ನನ್ನ ಹೆಬ್ಬೆರಳಿಗಿಂತ ಉದ್ದದ ನಾಲ್ಕು ಬಸವನಹುಳು ಸೌತೆಕಾಯಿ ಹೋಳು ಮೇಯುತ್ತಿದ್ದವು.

"ನಾಲ್ಕಕ್ಕೂ ಹೆಸರು ಇಟ್ಟೀನಿ ನೋಡ್ರಿ" ಅಂದ. ಮೊಬೈಲ್ ತೆಗೆದು ತಾನು ಮಾಡಿದ ರೀಲ್ಸ್ ತೋರಿಸಿದ. ಡಬ್ಬಿಯ ಮಣ್ಣು ಕೆದರಿ, "ತತ್ತಿನೂ ಇಟ್ಟಾವ" ಅಂದ. ಮಣ್ಣೊಳಗೆ ಸಾಬೂದಾಣಿ ಕಾಳಿನಂಥವು ರಾಶಿ ಬಿದ್ದಿದ್ದವು. ಎಣಿಸಲು ಹೋದರೆ ಕಣ್ಣು ದಣಿಯುವಷ್ಟು.

"ಇಷ್ಟೂ ಮರಿಯಾದರ ಏನ್ ಮಾಡ್ತಿ?"

"ಗೆಳ್ಯಾರಿಗೆ ಎರಡೆರಡು ಕೊಡ್ತೀನಿ. ಉಳಿದದ್ದು ತಿಪ್ಪಿಗೆ ಹಾಕ್ತೀನಿ."

ಅದೇ ಮನೆಯ ಕಟ್ಟೆಯ ಮೇಲೆ ಹುಡುಗನ ದೊಡ್ಡಪ್ಪ ಕೂತಿದ್ದರು. ಅವರು ಆ ವರ್ಷ ಸೋಯಾ ಎರಡು ಸಲ ಬಿತ್ತಿದ್ದರು. ಮೊದಲ ಬಿತ್ತನೆ ಮೊಳಕೆ ಬಂದು ಎರಡೆಲೆ ಬಿಡುವಷ್ಟರಲ್ಲಿ ರಾತ್ರೋರಾತ್ರಿ ಮಾಯವಾಗಿತ್ತು. ತಿಂದದ್ದು ಯಾರು ಅಂತ ಕೇಳಿದೆ. ಅವರು ಡಬ್ಬಿಯ ಕಡೆ ಕೈ ತೋರಿಸಿ, "ಇವನ ಮಕ್ಕಳೇ" ಅಂದು ನಕ್ಕರು. ಆ ನಗುವಿನಲ್ಲಿ ಖುಷಿ ಇರಲಿಲ್ಲ.

ಒಂದೇ ಅಂಗಳ. ಒಂದು ಮೂಲೆಯಲ್ಲಿ ಹುಳು ಸಾಕಾಣಿಕೆ, ಇನ್ನೊಂದು ಮೂಲೆಯಲ್ಲಿ ಅದೇ ಹುಳುವಿನಿಂದ ಹಾಳಾದ ಬಿತ್ತನೆಯ ಲೆಕ್ಕ. ಇಬ್ಬರೂ ಒಂದೇ ತಟ್ಟೆಯ ರೊಟ್ಟಿ ತಿನ್ನುವವರು. ಆದರೂ ಒಬ್ಬರದು ಇನ್ನೊಬ್ಬರಿಗೆ ಸಂಬಂಧವಿಲ್ಲ ಎನ್ನುವಂತೆ ಕೂತಿದ್ದರು.

ಈ ಬರಹ ಆ ಹುಡುಗನನ್ನು ಬೈಯಲು ಅಲ್ಲ. ಅವನಿಗೆ ಗೊತ್ತಿಲ್ಲ. ಗೊತ್ತಿರಬೇಕಾದ ನಾವು, ಅಂದರೆ ದೊಡ್ಡವರು, ಮಾಸ್ತರರು, ಪಂಚಾಯಿತಿಯವರು, ಇಲಾಖೆಯವರು, ಮೊಬೈಲ್‌ನಲ್ಲಿ 'ಮಸ್ತ್ ಅದ' ಅಂತ ಲೈಕ್ ಒತ್ತುವವರು ಯಾಕೆ ಸುಮ್ಮನಿದ್ದೇವೆ ಅನ್ನುವುದು ನನ್ನ ಪ್ರಶ್ನೆ. ನಾನು ಹೇಳುವುದು ಒಂದೇ ಮಾತು: ಈ ದೊಡ್ಡ ಬಸವನಹುಳುವನ್ನು ಸಾಕಬೇಡಿ, ಮರಿ ಮಾಡಿಸಬೇಡಿ, ಯಾರಿಗೂ ಕೊಡಬೇಡಿ. ಒಬ್ಬರ ಹವ್ಯಾಸದ ಖರ್ಚನ್ನು ಊರಿನ ಹೊಲಗಳೆಲ್ಲ ಕಟ್ಟಬೇಕಾಗುತ್ತದೆ.

ಇದು ನಮ್ಮ ಹುಳುವೇ ಅಲ್ಲ

ಮೊದಲು ಒಂದು ಗೊಂದಲ ಬಿಡಿಸೋಣ. ಕೆರೆ, ಹಳ್ಳ, ಬಾವಿಕಟ್ಟೆಯಲ್ಲಿ ನಾವು ಚಿಕ್ಕಂದಿನಿಂದ ಕಂಡ ಬಸವನಹುಳುಗಳಿವೆ. ಮಳೆ ಬಿದ್ದಾಗ ಬೇಲಿಯ ಬುಡದಲ್ಲಿ ಕಾಣುವ ಚಪ್ಪಟೆ ದುಂಡು ಚಿಪ್ಪಿನ ಸಣ್ಣ ಹುಳುಗಳೂ ಇವೆ. ಅವು ಇಲ್ಲಿನವು. ಕೊಳೆತದ್ದನ್ನು ತಿಂದು ಮಣ್ಣಿಗೆ ಸೇರಿಸುತ್ತ ತಮ್ಮಷ್ಟಕ್ಕೆ ಇರುತ್ತವೆ. ಅವುಗಳ ಮೇಲೆ ನನ್ನ ತಕರಾರಿಲ್ಲ.

ನಾನು ಹೇಳುತ್ತಿರುವುದು ಆಫ್ರಿಕಾದ ದೈತ್ಯ ಬಸವನಹುಳು. ಚಿಪ್ಪು ಶಂಖದಂತೆ ಉದ್ದವಾಗಿ ತುದಿಗೆ ಚೂಪಾಗಿರುತ್ತದೆ. ಕಂದು ಬಣ್ಣ, ಮೇಲೆ ಗಾಢ ಪಟ್ಟೆಗಳು. ಹೊಲದಲ್ಲಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ಇಂಚು ಇರುತ್ತದೆ; ಚೆನ್ನಾಗಿ ಬೆಳೆದರೆ ಎಂಟು ಇಂಚಿನವರೆಗೂ ಹೋಗುತ್ತದೆ. ಗಡಿಯಾಚೆಯ ಮರಾಠಿಯವರು 'ಶಂಖಿ ಗೋಗಲಗಾಯ್' ಅನ್ನುತ್ತಾರೆ. ಇದರ ತವರು ಪೂರ್ವ ಆಫ್ರಿಕಾ.

ಅಲ್ಲಿಂದ ಇಲ್ಲಿಗೆ ಹೇಗೆ ಬಂತು? ತಾನೇ ತೆವಳಿಕೊಂಡು ಬರಲಿಲ್ಲ. 1847ರಲ್ಲಿ ಬೆನ್ಸನ್ ಎಂಬ ಬ್ರಿಟಿಷ್ ಅಧಿಕಾರಿ ಮಾರಿಷಸ್ ದ್ವೀಪದಿಂದ ಇದನ್ನು ಕಲ್ಕತ್ತೆಗೆ ತಂದ. ಅವನಿಗೆ ಚಿಪ್ಪುಹುಳುಗಳನ್ನು ಸಂಗ್ರಹಿಸಿ ಅಭ್ಯಾಸ ಮಾಡುವ ಹುಚ್ಚು. ಅವು ಚೌರಂಗಿಯ ತೋಟವೊಂದಕ್ಕೆ ಸೇರಿದವು. ಅಷ್ಟೇ ಕಥೆ. ಒಬ್ಬ ಹವ್ಯಾಸಿ, ಒಂದು ತೋಟ, ಕೆಲವು ಹುಳು. ಇವತ್ತು ದೇಶದ ಹಲವು ರಾಜ್ಯಗಳ ತೋಟ ಹೊಲಗಳಲ್ಲಿ ಅದರ ಸಂತಾನವಿದೆ. ನಮ್ಮ ರಾಜ್ಯದಲ್ಲೇ ಕೊಡಗಿನ ಶನಿವಾರಸಂತೆ ಕಡೆಯ ಕಾಫಿ ತೋಟದವರನ್ನು ಕೇಳಿ ನೋಡಿ, ಚೀಲಗಟ್ಟಲೆ ಆರಿಸಿ ಸುಸ್ತಾದ ಕಥೆ ಹೇಳುತ್ತಾರೆ. ಜಗತ್ತಿನ 100 ಅತಿ ಕೆಟ್ಟ ಹೊರಗಿನ ಜೀವಿಗಳ ಪಟ್ಟಿಯಲ್ಲಿ ಇದಕ್ಕೂ ಒಂದು ಜಾಗ ಸಿಕ್ಕಿದೆ.

ನಮ್ಮ ಹುಡುಗನ ಪೇಂಟ್ ಡಬ್ಬಿಗೂ ಬೆನ್ಸನ್ ಸಾಹೇಬನ ತೋಟಕ್ಕೂ ಏನು ವ್ಯತ್ಯಾಸ? ನನಗಂತೂ ಕಾಣುವುದಿಲ್ಲ.

ನಾಲ್ಕು ಹುಳುವಿನ ಲೆಕ್ಕ

"ನಾಲ್ಕು ಹುಳುವಿನಿಂದ ಏನಾಗುತ್ತದೆ ಬಿಡ್ರಿ" ಅನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಸ್ಲೇಟು ಬಳಪ ಸಾಕು.

ಈ ಹುಳುವಿನಲ್ಲಿ ಗಂಡು ಹೆಣ್ಣು ಬೇರೆ ಬೇರೆ ಇಲ್ಲ. ಪ್ರತಿಯೊಂದರ ದೇಹದಲ್ಲೂ ಎರಡೂ ಇರುತ್ತದೆ. ಎರಡು ಹುಳು ಕೂಡಿದರೆ ಎರಡೂ ತತ್ತಿ ಇಡಬಲ್ಲವು. ಒಮ್ಮೆ ಕೂಡಿದ ಮೇಲೆ ಬೀಜವನ್ನು ತಿಂಗಳುಗಟ್ಟಲೆ ಮೈಯೊಳಗೆ ಕಾಪಿಟ್ಟುಕೊಂಡು, ಆಮೇಲೆ ಒಂಟಿಯಾಗಿದ್ದರೂ ತತ್ತಿ ಇಡುತ್ತದೆ. ಹಾಗಾಗಿ "ಒಂದೇ ಹುಳು ಸಾಕೀನಿ, ಮರಿ ಹೆಂಗಾಗ್ತಾವ" ಅನ್ನುವ ಮಾತು ನಡೆಯುವುದಿಲ್ಲ.

ಒಂದು ಸಲಕ್ಕೆ ನೂರರಿಂದ ನಾನ್ನೂರು ತತ್ತಿ. ವರ್ಷಕ್ಕೆ ಹಲವು ಸಲ. ಮರಿ ಸುಮಾರು ಆರು ತಿಂಗಳಿಗೆ ತಾನೇ ತತ್ತಿ ಇಡುವಷ್ಟು ಬೆಳೆಯುತ್ತದೆ. ಐದಾರು ವರ್ಷ ಬದುಕುತ್ತದೆ.

ಈಗ ಲೆಕ್ಕ ಹಾಕಿ. ಒಂದು ಹುಳು ಒಮ್ಮೆ 200 ತತ್ತಿ ಇಟ್ಟಿತು ಎನ್ನಿ. ನೂರಕ್ಕೆ ತೊಂಬತ್ತು ಇರುವೆ, ಹಕ್ಕಿ, ಬಿಸಿಲಿಗೆ ಸತ್ತವು ಅಂತಲೇ ಇಟ್ಟುಕೊಳ್ಳಿ. ಉಳಿದದ್ದು 20. ಆ 20 ಬೆಳೆದು ತಲಾ ಒಮ್ಮೆ ತತ್ತಿ ಇಟ್ಟು, ಅದರಲ್ಲೂ ನೂರಕ್ಕೆ ತೊಂಬತ್ತು ಸತ್ತರೆ 400. ಮೂರನೇ ಸುತ್ತಿಗೆ 8,000. ಇದು ಒಂದೇ ಹುಳುವಿನ ಲೆಕ್ಕ, ಜೀವನದಲ್ಲಿ ಒಂದೇ ಸಲ ತತ್ತಿ ಇಟ್ಟರೆ. ಹುಡುಗನ ಡಬ್ಬಿಯಲ್ಲಿದ್ದದ್ದು ನಾಲ್ಕು. ಗೆಳೆಯರಿಗೆ ಕೊಟ್ಟದ್ದು ಬೇರೆ.

ತಿಪ್ಪೆಗೆ ಹಾಕುತ್ತೇನೆ ಅಂದನಲ್ಲ, ಆ ತಿಪ್ಪೆ ಎಲ್ಲಿಗೆ ಹೋಗುತ್ತದೆ? ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ತುಂಬಿ ಹೊಲಕ್ಕೆ. ತೇವವಿರುವ, ಮೆತ್ತಗಿನ, ಕೊಳೆತ ಗೊಬ್ಬರಕ್ಕಿಂತ ಒಳ್ಳೆ ಬಾಣಂತಿ ಕೋಣೆ ಈ ಹುಳುವಿಗೆ ಬೇಕಿಲ್ಲ. ಹುಳುವನ್ನು ಬಾಡಿಗೆ ಕೊಟ್ಟು ಹೊಲಕ್ಕೆ ಸಾಗಿಸುವವರು ನಾವೇ.

ನಮ್ಮ ಕಡೆ ಬಿಸಿಲು ಜೋರು, ಸತ್ತು ಹೋಗುತ್ತದೆ ಅನ್ನುವ ಧೈರ್ಯವೂ ಬೇಡ. ಬಿಸಿಲು ಬಂದಾಗ ಅದು ಮಣ್ಣಿನೊಳಗೆ, ಬದುವಿನ ಕಲ್ಲಿನ ಸಂದಿಗೆ ಇಳಿಯುತ್ತದೆ. ಚಿಪ್ಪಿನ ಬಾಯಿಗೆ ತೆಳ್ಳನೆ ಮುಚ್ಚಳ ಕಟ್ಟಿಕೊಂಡು ತಿಂಗಳುಗಟ್ಟಲೆ ಮಲಗಿಬಿಡುತ್ತದೆ. ಜೂನ್ ಮಳೆ ಬಿದ್ದಾಗ ಎದ್ದು ಬರುತ್ತದೆ. ನಾವು ಬಿತ್ತುವುದೂ ಆಗಲೇ.

ಹೊಲದಲ್ಲಿ ನಡೆಯುವುದು ಏನು

ಬೀದರ್ ಜಿಲ್ಲೆ ಸೋಯಾ ಜಿಲ್ಲೆ. ಬಸವಕಲ್ಯಾಣ, ಹುಮನಾಬಾದ್, ಭಾಲ್ಕಿ, ಔರಾದ್ ಎಲ್ಲಿ ಹೋದರೂ ಮುಂಗಾರಿನಲ್ಲಿ ಸೋಯಾ, ತೊಗರಿ, ಉದ್ದು, ಹೆಸರು ಕಾಣುತ್ತದೆ. ನೀರಿದ್ದ ಕಡೆ ಕಬ್ಬು. ಈ ಹುಳುವಿಗೆ ಇಂಥ ಜೋಡಿ ಬಹಳ ಹಿತ. ಹಗಲು ಕಬ್ಬಿನ ರವದಿಯ ತಂಪಿನಲ್ಲಿ ಮಲಗುವುದು, ರಾತ್ರಿ ಪಕ್ಕದ ಸೋಯಾ ಹೊಲಕ್ಕೆ ಊಟಕ್ಕೆ ಹೋಗುವುದು.

ಸೋಯಾ ಮೊಳಕೆ ನೆಲದಿಂದ ಬೇಳೆ ಎತ್ತಿಕೊಂಡು ಮೇಲೆ ಬರುತ್ತದೆ. ಆ ಮೊದಲ ಎರಡು ಮೂರು ವಾರ ಕಾಂಡ ಎಳೆಯದು. ಹುಳು ಅದನ್ನೇ ಕಡಿದು ಹಾಕುತ್ತದೆ. ಎಲೆ ತಿಂದರೆ ಮತ್ತೆ ಚಿಗುರುತ್ತದೆ ಅನ್ನಬಹುದು. ಕುತ್ತಿಗೆ ಕಡಿದರೆ ಏನು ಚಿಗುರುತ್ತದೆ? ಬೆಳಿಗ್ಗೆ ಹೋಗಿ ನೋಡಿದರೆ ಸಾಲಿಗೆ ಸಾಲೇ ಖಾಲಿ, ಮಣ್ಣಿನ ಮೇಲೆ ಒಣಗಿದ ಲೋಳೆಯ ಬೆಳ್ಳಿ ಗೆರೆ ಅಷ್ಟೇ. ಕಾಂಡ ಬಲಿತ ಮೇಲೆ ಕಾಟ ಕಡಿಮೆಯಾಗುತ್ತದೆ. ಆದರೆ ಅಷ್ಟರಲ್ಲಿ ಬಿತ್ತನೆಯ ಹದ ತಪ್ಪಿರುತ್ತದೆ.

ಎಕರೆಗೆ 25ರಿಂದ 30 ಕಿಲೊ ಬೀಜ ಬೇಕು. ಮತ್ತೆ ಬೀಜ, ಮತ್ತೆ ಕೂಲಿ, ಮತ್ತೆ ಬಾಡಿಗೆ. ರೈತ ಸಂಪರ್ಕ ಕೇಂದ್ರದ ಮುಂದೆ ಸಬ್ಸಿಡಿ ಬೀಜಕ್ಕೆ ಒಮ್ಮೆ ಪಾಳಿ ಹಚ್ಚಿದವರಿಗೆ ಎರಡನೇ ಸಲ ಸಿಗುತ್ತದೆಯೇ? ಅಂಗಡಿಯಲ್ಲಿ ಉದ್ರಿ ತರಬೇಕು. ಸಾಲ ಶುರುವಾಗುವುದೇ ಇಲ್ಲಿ. ಮೂರು ಇಂಚಿನ ಹುಳು ಎಂದು ನಗಬೇಡಿ.

2022ರ ಜುಲೈ ನೆನಪಿದೆಯೇ? ಗಡಿಯಾಚೆ ಲಾತೂರ್, ಬೀಡ್, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಬಿಟ್ಟೂಬಿಡದೆ ಮಳೆ, ಮೋಡ. ಹೊಲಗಳಿಗೆ ಈ ಹುಳು ದಂಡು ಬಂದಂತೆ ಬಂತು. ಸೋಯಾ ಬಿತ್ತಿದವರು ಎರಡನೇ ಸಲ, ಕೆಲವರು ಮೂರನೇ ಸಲ ಬಿತ್ತಿದರು. ಕೊನೆಗೆ ಮಹಾರಾಷ್ಟ್ರ ಸರ್ಕಾರ ಬಸವನಹುಳುವಿನಿಂದಾದ ಹಾನಿಗೆಂದೇ ಪರಿಹಾರ ಘೋಷಿಸಬೇಕಾಯಿತು. ಬರ ಅಲ್ಲ, ನೆರೆ ಅಲ್ಲ, ಹುಳುವಿಗೆ!

ಲಾತೂರಿನ ನಿಲಂಗಾ, ಉಸ್ಮಾನಾಬಾದಿನ (ಈಗಿನ ಧಾರಾಶಿವದ) ಉಮರ್ಗಾ ಬಸವಕಲ್ಯಾಣಕ್ಕೆ ದೂರದ ಊರುಗಳಲ್ಲ. ನಮ್ಮ ಹೆಣ್ಣುಮಕ್ಕಳನ್ನು ಕೊಟ್ಟ ಊರು, ನಮ್ಮ ಎತ್ತು ಕೊಂಡ ಸಂತೆ. ನಡುವೆ ಇರುವುದು ಬದು, ಹಳ್ಳ. ಹುಳುವಿಗೆ ಕನ್ನಡ ಮರಾಠಿ ಗಡಿ ಗೊತ್ತಿಲ್ಲ. ಸೋಲಾಪುರದಿಂದ ಹುಮನಾಬಾದ್ ಮೇಲೆ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ದಿನಾ ಎಷ್ಟು ಲಾರಿ ಓಡುತ್ತವೆ? ಇಟ್ಟಿಗೆ, ಮರಳು, ನರ್ಸರಿ ಸಸಿ, ತರಕಾರಿ ಬುಟ್ಟಿ ಯಾವುದರ ತಳದಲ್ಲಾದರೂ ಅದು ಅಂಟಿಕೊಂಡು ಬರುತ್ತದೆ. ಅಷ್ಟು ದಾರಿ ಅದಕ್ಕೆ ಈಗಾಗಲೇ ತೆರೆದಿರುವಾಗ ಅದನ್ನು ನಾವು ಡಬ್ಬಿಯಲ್ಲಿ ಹಾಕಿಕೊಂಡು ಊರಿಂದ ಊರಿಗೆ ಒಯ್ಯಬೇಕೇ?

"ವಿದೇಶದಾಗ ಎಲ್ಲಾರೂ ಸಾಕ್ತಾರ"

ಸಾಕುವವರ ಮೊದಲ ವಾದ ಇದು. ಮೊಬೈಲ್‌ನಲ್ಲಿ ನೋಡಿದ್ದಾರೆ. ಇಂಗ್ಲೆಂಡಿನಲ್ಲಿ ಮಕ್ಕಳು ಅಂಗೈ ಮೇಲೆ ಇದೇ ಹುಳು ಇಟ್ಟುಕೊಂಡು ಆಡಿಸುತ್ತಾರೆ, ಗಾಜಿನ ಪೆಟ್ಟಿಗೆಯಲ್ಲಿ ಸಾಕುತ್ತಾರೆ. ನಿಜ. ಆದರೆ ಅಲ್ಲಿ ಪೆಟ್ಟಿಗೆಗೆ ಬಿಸಿ ಕೊಡುವ ಹಾಸು ಹಾಕಬೇಕು. ಯಾಕೆಂದರೆ ಅಲ್ಲಿನ ಚಳಿಗೆ ಈ ಹುಳು ಹೊರಗೆ ಬದುಕುವುದಿಲ್ಲ. ತಪ್ಪಿಸಿಕೊಂಡರೆ ಚಳಿಗಾಲದಲ್ಲಿ ಸಾಯುತ್ತದೆ. ನಮ್ಮಲ್ಲಿ ತಪ್ಪಿಸಿಕೊಂಡರೆ ಮಳೆಗಾಲದಲ್ಲಿ ಸಂಸಾರ ಹೂಡುತ್ತದೆ. ಅವರ ಚಳಿ ಅವರಿಗೆ ಬೇಲಿ. ನಮಗೆ ಆ ಬೇಲಿ ಇಲ್ಲ.

ನಮ್ಮಂತೆ ಬೆಚ್ಚಗಿನ ಹವೆಯ ಜಾಗದಲ್ಲಿ ಏನಾಯಿತು ನೋಡೋಣ. ಅಮೆರಿಕದ ಫ್ಲೋರಿಡಾ. 1966ರಲ್ಲಿ ಒಬ್ಬ ಹುಡುಗ ಹವಾಯಿ ದ್ವೀಪದಿಂದ ಮೂರು ಹುಳುಗಳನ್ನು ಮಯಾಮಿಯ ಮನೆಗೆ ತಂದ. ಅವನ ಅಜ್ಜಿ ಅವನ್ನು ತೋಟಕ್ಕೆ ಬಿಟ್ಟಳು. ಏಳು ವರ್ಷದಲ್ಲಿ 18,000ಕ್ಕೂ ಹೆಚ್ಚು ಹುಳು ಸಿಕ್ಕವು. ಅವನ್ನು ನಿರ್ನಾಮ ಮಾಡಲು ಸುಮಾರು ಹತ್ತು ವರ್ಷ, ಹತ್ತು ಲಕ್ಷ ಡಾಲರ್ ಹೋಯಿತು. ಮೂರು ಹುಳು! ನಮ್ಮ ಹುಡುಗನದು ಅದಕ್ಕಿಂತ ಒಂದು ಹೆಚ್ಚು.

ಅಲ್ಲಿಗೆ ಮುಗಿಯಲಿಲ್ಲ. 2011ರಲ್ಲಿ ಮಯಾಮಿಯಲ್ಲಿ ಮತ್ತೆ ಕಾಣಿಸಿತು. ಈ ಸಲ ವಾಸನೆ ಹಿಡಿಯುವ ನಾಯಿಗಳನ್ನೂ ತರಬೇತಿ ಮಾಡಿ ಬಿಟ್ಟರು. ಮನೆ ಮನೆ ಹಿತ್ತಲು ಹುಡುಕಿ 1,68,000ಕ್ಕೂ ಹೆಚ್ಚು ಹುಳು ಹಿಡಿದರು. ಮುಗಿಯಿತು ಅಂತ ಘೋಷಿಸಿದ್ದು 2021ರಲ್ಲಿ. ಮರುವರ್ಷ, 2022ರಲ್ಲಿ, ಅದೇ ರಾಜ್ಯದ ಪಾಸ್ಕೊ ಕೌಂಟಿಯಲ್ಲಿ ಮತ್ತೆ. ಈ ಸಲ ಸಿಕ್ಕ ಹುಳುಗಳ ಮೈ ಬೆಳ್ಳಗಿತ್ತು. ಬಿಳಿ ಮೈಯ ಹುಳು ಕಾಡಿನಲ್ಲಿ ಅಪರೂಪ. ಸಾಕುವ ಶೋಕಿಯವರು ಆರಿಸಿ ಆರಿಸಿ ಬೆಳೆಸುವ ತಳಿ ಅದು. ಸಾಕಿದವರ ಮನೆಯಿಂದಲೇ ಹೊರಬಿದ್ದಿರಬೇಕು ಎಂದು ಅಲ್ಲಿನ ಅಧಿಕಾರಿಗಳು ಅಂದುಕೊಂಡದ್ದು ಅದಕ್ಕೇ. ಅಮೆರಿಕದಲ್ಲಿ ಪರವಾನಗಿ ಇಲ್ಲದೆ ಈ ಹುಳು ಇಟ್ಟುಕೊಳ್ಳುವುದೇ ಅಪರಾಧ. ಅಷ್ಟು ದುಡ್ಡು, ನಾಯಿ, ಕಾನೂನು ಇರುವ ದೇಶಕ್ಕೇ ಹೀಗಾದರೆ, ಬಿತ್ತನೆ ಬೀಜಕ್ಕೆ ಪಾಳಿ ನಿಲ್ಲುವ ನಮ್ಮ ಪಾಡೇನು?

"ಸಾಕಿದರ ರೊಕ್ಕ ಬರ್ತದಂತ"

ಎರಡನೇ ವಾದ ಸ್ವಲ್ಪ ಅಪಾಯದ್ದು, ಯಾಕೆಂದರೆ ಅದನ್ನು ಹೇಳುವವರು ಮಕ್ಕಳಲ್ಲ; ಕೆಲಸ ಹುಡುಕುತ್ತಿರುವ ನನ್ನ ವಯಸ್ಸಿನ ಹುಡುಗರು. ಬಸವನಹುಳುವಿನ ಲೋಳೆಯಿಂದ ಮುಖಕ್ಕೆ ಹಚ್ಚುವ ಕ್ರೀಮ್ ಮಾಡುತ್ತಾರೆ, ಫ್ರಾನ್ಸಿನಲ್ಲಿ ಅದರ ಮಾಂಸ ತಿನ್ನುತ್ತಾರೆ, ಕಡಿಮೆ ಬಂಡವಾಳ, ಹೆಚ್ಚು ಲಾಭ ಅನ್ನುವ ವಿಡಿಯೊ ನೋಡಿ ತಲೆ ಕೆಡಿಸಿಕೊಂಡವರು. ಅವರ ಕಷ್ಟ ನನಗೆ ಗೊತ್ತು. ಡಿಗ್ರಿ ಮುಗಿಸಿ ಪುಣೆ, ಹೈದರಾಬಾದಿಗೆ ಹೋಗಿ ಬಂದವರೇ ನಾವೂ.

ಆದರೆ ಕೇಳಿ. ಫ್ರಾನ್ಸಿನವರು ಹೆಸರುವಾಸಿಯಾಗಿ ತಿನ್ನುವ ಹುಳು ಬೇರೆ ಜಾತಿ. ನಮ್ಮ ತಾಲ್ಲೂಕಿನ ಸಂತೆಯಲ್ಲಿ ಈ ಹುಳುವನ್ನು ಕೊಳ್ಳುವವರು ಯಾರು? ಇದೇ ಆಸೆಯಿಂದ ಬ್ರೆಜಿಲ್ ದೇಶದವರು 1980ರ ದಶಕದ ಕೊನೆಗೆ ಇದನ್ನು ತರಿಸಿಕೊಂಡರು. ಫ್ರಾನ್ಸಿನ ಹುಳುವಿಗೆ ಬದಲಿ, ದೊಡ್ಡದು, ಬೇಗ ಬೆಳೆಯುತ್ತದೆ ಅಂತ ಜಾಹೀರಾತು. ಜನ ಶೆಡ್ ಕಟ್ಟಿ ಸಾಕಿದರು. ಮಾಂಸ ಕೊಳ್ಳುವವರು ಸಿಗಲಿಲ್ಲ. ನಷ್ಟವಾಯಿತು. ಮೇವು ಹಾಕುವವರು ಯಾರು? ಹೊರಗೆ ಬಿಟ್ಟರು. ಈಗ ಆ ದೇಶದ ಹೆಚ್ಚಿನ ರಾಜ್ಯಗಳಲ್ಲಿ ಅದು ಬೀಡು ಬಿಟ್ಟಿದೆ.

ಎಮು ಹಕ್ಕಿ ಸಾಕಿದವರ ಕಥೆ ದಕ್ಷಿಣ ಭಾರತದವರಿಗೆ ಮರೆತಿರಲಿಕ್ಕಿಲ್ಲ. ಮರಿ ಮಾರಿದವರು ದುಡ್ಡು ಮಾಡಿದರು, ಮರಿ ಕೊಂಡವರು ಮುಳುಗಿದರು. ಎಮುವನ್ನು ಬಿಟ್ಟರೆ ಕಣ್ಣಿಗಾದರೂ ಕಾಣುತ್ತದೆ, ಹಿಡಿಯಬಹುದು. ಬಸವನಹುಳು ಬಿಟ್ಟರೆ ಹಿಡಿಯುವವರು ಯಾರು?

"ಮಕ್ಕಳು ಆಡ್ತಾವ, ಆಡ್ಲಿ ಬಿಡ್ರಿ"

ಆಡಲಿ. ಕೋಳಿಮರಿ, ಮೇಕೆಮರಿ, ಕರುವಿನ ಜೊತೆ ಆಡಲಿ. ಇದರ ಜೊತೆ ಬೇಡ. ಇಲಿಯ ಶ್ವಾಸಕೋಶದಲ್ಲಿ ಬೆಳೆಯುವ ಒಂದು ಸಣ್ಣ ಹುಳುವಿದೆ. ಅದರ ಮರಿ ಇಲಿಯ ಹಿಕ್ಕೆಯ ಮೂಲಕ ಬಸವನಹುಳುವಿನ ಮೈ ಸೇರುತ್ತದೆ. ಬಸವನಹುಳು ಮುಟ್ಟಿದ ಕೈ ತೊಳೆಯದೆ ಬಾಯಿಗೆ ಇಟ್ಟರೆ, ಅದು ಹರಿದಾಡಿದ ಸೊಪ್ಪು ಸೌತೆಕಾಯಿ ತೊಳೆಯದೆ ತಿಂದರೆ, ಮನುಷ್ಯನ ಮೈಗೂ ಬರಬಹುದು. ಬಂದರೆ ಮಿದುಳಿನ ಪೊರೆಗೆ ಬಾವು ಬರುತ್ತದೆ: ವಿಪರೀತ ತಲೆನೋವು, ಕುತ್ತಿಗೆ ಬಿಗಿತ, ವಾಂತಿ, ಜ್ವರ. ಪ್ರತಿ ಹುಳುವಿನಲ್ಲೂ ಇದು ಇರುತ್ತದೆ ಅಂತ ನಾನು ಹೆದರಿಸುತ್ತಿಲ್ಲ. ಆದರೆ ಯಾವುದರಲ್ಲಿ ಇದೆ, ಯಾವುದರಲ್ಲಿ ಇಲ್ಲ ಅಂತ ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಕಾಳು ಕೂಡಿಡುವ, ಇಲಿ ಓಡಾಡುವ ನಮ್ಮ ಮನೆಗಳಲ್ಲಿ ಈ ಜೂಜು ಬೇಕೇ?

"ಬಸವನ ಹೆಸರಿನ ಹುಳು, ಕೊಂದರ ಪಾಪ"

ಇದು ನಮ್ಮ ನೆಲದ್ದೇ ವಾದ. ಇದನ್ನು ನಾನು ನಗೆಯಾಡಿ ತಳ್ಳಿಹಾಕುವುದಿಲ್ಲ. ಬಸವಕಲ್ಯಾಣದಲ್ಲಿ ನಿಂತು ಬಸವನ ಹೆಸರಿನ ಜೀವವನ್ನು ಉಪ್ಪುನೀರಿಗೆ ಹಾಕು ಅಂದರೆ ಅಜ್ಜಿಯರು ಕೈ ಹಿಂದೆಗೆಯುತ್ತಾರೆ. ನನ್ನ ಅಜ್ಜಿಯೂ ಹಿಂದೆಗೆದಳು.

ಅವಳಿಗೆ ನಾನು ಹೇಳಿದ್ದು ಇಷ್ಟು. ಬಸವ ಅಂದರೆ ಎತ್ತು. ತಲೆಯ ಮೇಲೆ ಎರಡು ಕೋಡು ಎತ್ತಿಕೊಂಡು ನಿಧಾನ ನಡೆಯುತ್ತದೆ ಅಂತ ಹಿರಿಯರು ನಮ್ಮ ಊರ ಸಣ್ಣ ಹುಳುವಿಗೆ ಆ ಹೆಸರು ಇಟ್ಟರು. ಮರಾಠಿಯವರ ಗೋಗಲಗಾಯ್‌ನಲ್ಲೂ ಗಾಯ್ ಇದೆ, ಅಂದರೆ ಆಕಳು. ಅವರಿಗೂ ಕೋಡೇ ಕಂಡದ್ದು. ಆ ಹೆಸರು ಇಟ್ಟಾಗ ಈ ಆಫ್ರಿಕಾದ ಹುಳು ಇಲ್ಲಿ ಇರಲೇ ಇಲ್ಲ. ಆಮೇಲೆ ಬಂದು ಹೆಸರು ಹಂಚಿಕೊಂಡಿದೆ ಅಷ್ಟೇ.

ಇನ್ನು ದಯೆಯ ಮಾತು. ದುಡಿದು ತಿನ್ನುವ ಕಾಯಕವನ್ನು ಹಿರಿದು ಮಾಡಿದ ಊರು ನಮ್ಮದು. ಕಾಯಕ ಮಾಡುವ ರೈತನ ಬಿತ್ತನೆ ಎರಡು ಸಲ ಹಾಳಾಗುವುದನ್ನು ನೋಡುತ್ತ ಕೂರುವುದು ಯಾವ ದಯೆ? ಡಬ್ಬಿಯೊಳಗೆ ಕೂಡಿಹಾಕಿ, ನೂರಾರು ತತ್ತಿ ಇಡಿಸಿ, ಬೇಜಾರಾದ ಮೇಲೆ ತಿಪ್ಪೆಗೆ ಎಸೆಯುವುದು ಯಾವ ದಯೆ? ಸಾಕದೇ ಇದ್ದರೆ ಕೊಲ್ಲುವ ಪ್ರಸಂಗವೇ ಕಡಿಮೆಯಾಗುತ್ತದೆ. ಹತ್ತನ್ನು ಇವತ್ತು ಕೊಲ್ಲಲು ಹಿಂಜರಿದರೆ ಹತ್ತು ಸಾವಿರವನ್ನು ನಾಳೆ ವಿಷ ಹಾಕಿ ಕೊಲ್ಲಬೇಕಾಗುತ್ತದೆ. ಆ ವಿಷಕ್ಕೆ ನಾಯಿ, ಕೋಳಿ, ನವಿಲು ಎಲ್ಲವೂ ಸಿಗುತ್ತವೆ. ಅಜ್ಜಿ ಕೊನೆಗೆ ಅಂದಳು: "ಹಂಗಾದರ ತಂದವನಿಗೆ ಪಾಪ ಹತ್ತಬೇಕು, ಆರಿಸಿದವನಿಗಲ್ಲ."

ಕಿಲೊಗೆ ಇಷ್ಟು ಅಂತ ಕೊಡಬೇಡಿ

ಇನ್ನು ಅಧಿಕಾರದಲ್ಲಿ ಇರುವವರಿಗೆ. ಹುಳು ಹೆಚ್ಚಾದಾಗ ಊರಲ್ಲಿ ಒಂದು ಬೇಡಿಕೆ ಏಳುತ್ತದೆ: "ಕಿಲೊಗೆ ಇಷ್ಟು ಅಂತ ರೊಕ್ಕ ಕೊಟ್ಟು ಸರ್ಕಾರವೇ ಕೊಳ್ಳಲಿ." ಕೇಳಲು ಚೆಂದ. ಆದರೆ ಹುಳುವಿಗೆ ಬೆಲೆ ಬಂದ ದಿನವೇ ಅದನ್ನು ಬೆಳೆಸುವವರು ಹುಟ್ಟುತ್ತಾರೆ. 1902ರಲ್ಲಿ ಫ್ರೆಂಚರ ಕೈಯಲ್ಲಿದ್ದ ವಿಯೆಟ್ನಾಮಿನ ಹನೋಯಿಯಲ್ಲಿ ಇಲಿ ಬಾಲಕ್ಕೆ ಇಷ್ಟು ಅಂತ ಬಹುಮಾನ ಇಟ್ಟರು. ಜನ ಬಾಲ ಕತ್ತರಿಸಿ ಇಲಿಯನ್ನು ಮರಿ ಹಾಕಲು ಬಿಟ್ಟರು. ಕೆಲವರು ಇಲಿ ಸಾಕಲೇ ಶುರು ಮಾಡಿದರು. ತೂಕಕ್ಕೆ ದುಡ್ಡು ಕೊಟ್ಟರೆ ಪ್ರತಿ ಅಂಗಳದಲ್ಲೂ ಪೇಂಟ್ ಡಬ್ಬಿ ಇಡುತ್ತಾರೆ.

ಕೊಡುವುದಾದರೆ ದಿನದ ಕೂಲಿ ಕೊಡಿ. ಮೊದಲ ಮಳೆ ಬಿದ್ದು ಬಿತ್ತನೆಗೆ ಮುಂಚಿನ ಹತ್ತು ಹದಿನೈದು ದಿನ, ಇಡೀ ಊರು ಒಟ್ಟಿಗೆ ಆರಿಸಬೇಕು. ಒಬ್ಬ ಆರಿಸಿ ಪಕ್ಕದವ ಬಿಟ್ಟರೆ ಪ್ರಯೋಜನವಿಲ್ಲ. ಪಂಚಾಯಿತಿ ಡಂಗುರ ಹೊಡೆಸಲಿ. ಶಾಲೆ ಶುರುವಾಗುವ ಜೂನ್‌ನಲ್ಲೇ ಮಾಸ್ತರರು ಮಕ್ಕಳಿಗೆ ಹುಳು ತೋರಿಸಿ, ಯಾವುದು ನಮ್ಮದು, ಯಾವುದು ಹೊರಗಿನದು ಅಂತ ಹೇಳಲಿ. ಬೆಳೆಗೆ ಮಾರಕವಾದ ಕೀಟಗಳ ವಿರುದ್ಧ ಕ್ರಮಕ್ಕೆ 1968ರ ಕರ್ನಾಟಕ ಕೃಷಿ ಕೀಟ ಮತ್ತು ರೋಗಗಳ ಕಾಯ್ದೆ ಇದೆ. ಅದನ್ನು ಕಪಾಟಿನಿಂದ ಇಳಿಸಿ, ಈ ಹುಳುವನ್ನು ಸಾಕುವುದು, ಮಾರುವುದು, ಸಾಗಿಸುವುದು ನಡೆಯದಂತೆ ಇಲಾಖೆ ಆದೇಶ ಹೊರಡಿಸಲಿ. ಹೊಲ ಹಾಳಾದ ಮೇಲೆ ಫೋಟೊ ತೆಗೆಯಲು ಬರುವುದಕ್ಕಿಂತ ಇದು ಅಗ್ಗ.

ಈಗಾಗಲೇ ಸಾಕಿದ್ದರೆ ಏನು ಮಾಡಬೇಕು

ಒಂದು: ಹೊರಗೆ ಬಿಡಬೇಡಿ. ಹಳ್ಳಕ್ಕೂ ಬೇಡ, ಊರಾಚೆಗೂ ಬೇಡ, ತ್ರಿಪುರಾಂತ ಕೆರೆಯ ದಂಡೆಗೂ ಬೇಡ. ಬೇರೆಯವರಿಗೆ ಕೊಡಬೇಡಿ.

ಎರಡು: ಕೈಗೆ ಪ್ಲಾಸ್ಟಿಕ್ ಚೀಲ ಅಥವಾ ಗವಸು ಹಾಕಿಕೊಳ್ಳಿ. ಬಕೆಟ್‌ನಲ್ಲಿ ಗಟ್ಟಿ ಉಪ್ಪುನೀರು ಅಥವಾ ಸೋಪಿನ ನೀರು ಮಾಡಿ ಅದರಲ್ಲಿ ಹಾಕಿ. ಉಪ್ಪನ್ನು ಹೊಲದ ಮಣ್ಣಿಗೆ ಚೆಲ್ಲಬೇಡಿ, ಮಣ್ಣು ಕೆಡುತ್ತದೆ. ಸತ್ತ ಮೇಲೆ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ. ಖಾಲಿ ಚಿಪ್ಪು ಬಯಲಲ್ಲಿ ಬಿಟ್ಟರೆ ಮಳೆನೀರು ನಿಂತು ಸೊಳ್ಳೆ ಮನೆ ಮಾಡುತ್ತದೆ.

ಮೂರು: ಡಬ್ಬಿಯ ಮಣ್ಣಲ್ಲಿ ತತ್ತಿ ಇರುತ್ತದೆ. ಆ ಮಣ್ಣನ್ನು ತಿಪ್ಪೆಗೆ, ಹೂವಿನ ಕುಂಡಕ್ಕೆ ಹಾಕಬೇಡಿ. ಕುದಿಯುವ ನೀರು ಸುರಿದು ಹೂಳಿ.

ನಾಲ್ಕು: ಹೊಲದಲ್ಲಿ ಕಂಡರೆ ಸಂಜೆ ಬದುವಿನ ಗುಂಟ ಒದ್ದೆ ಗೋಣಿಚೀಲ ಹಾಸಿ, ಅದರ ಕೆಳಗೆ ಪಪ್ಪಾಯಿ ಎಲೆ, ಎಲೆಕೋಸಿನ ಎಲೆ ಇಡಿ. ಬೆಳಿಗ್ಗೆ ಬಿಸಿಲೇರುವ ಮೊದಲು ಚೀಲ ಎತ್ತಿದರೆ ಹುಳು ಅಲ್ಲೇ ಕೂತಿರುತ್ತವೆ. ಆರಿಸಿ. ಬಿಳಿ ತತ್ತಿಯ ಗುಂಪು ಸಿಕ್ಕರೆ ಬಿಡಬೇಡಿ. ಬದುವಿನ ಕಳೆ, ಕಬ್ಬಿನ ರವದಿ ರಾಶಿ ಬಿತ್ತನೆಗೆ ಮುಂಚೆಯೇ ಸ್ವಚ್ಛ ಮಾಡಿ.

ಐದು: ಔಷಧಿಯ ಹರಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಅವನ್ನು ತಿಂದ ನಾಯಿ, ದನ, ಕೋಳಿ ಸಾಯಬಹುದು. ಅಂಗಡಿಯವರು ಕೊಟ್ಟರು ಅಂತ ಚೆಲ್ಲಬೇಡಿ. ರೈತ ಸಂಪರ್ಕ ಕೇಂದ್ರದಲ್ಲೋ ಬೀದರಿನ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿಕೊಂಡು, ಅಳತೆ ತಿಳಿದು ಬಳಸಿ.

ಡಬ್ಬಿಯ ಕಥೆ ಏನಾಯಿತು

ಆ ಹುಡುಗನ ಜೊತೆ ಅವತ್ತು ಅಂಗಳದಲ್ಲಿ ಕೂತು ಮೇಲಿನ ಲೆಕ್ಕವನ್ನೇ ಮಾಡಿದೆವು. ಅವನ ಗಣಿತ ನನಗಿಂತ ಚುರುಕು. ಎಂಟು ಸಾವಿರ ಬಂದಾಗ ಪೆನ್ನು ಕೆಳಗಿಟ್ಟ. ದೊಡ್ಡಪ್ಪನ ಮುಖ ನೋಡಿದ. "ನಮ್ಮ ಹೊಲದಾಗ ತಿಂದದ್ದು ಇವೇ ಏನ್ರಿ?" ಅಂತ ಕೇಳಿದ. ಇವೇ ಅಲ್ಲ, ಇಂಥವೇ ಅಂದೆ. ಸ್ವಲ್ಪ ಹೊತ್ತು ಅತ್ತ. ಅಳುವುದು ಸರಿಯೇ, ಸಾಕಿದ ಜೀವ ಅದು. ಆಮೇಲೆ ತಾನೇ ಬಕೆಟ್ ತಂದ. ಗೆಳೆಯರಿಗೆ ಕೊಟ್ಟಿದ್ದ ಆರು ಹುಳುಗಳನ್ನು ಕೇಳಿ ತರಲು ಹೋದ. ಐದು ಸಿಕ್ಕವು. ಆರನೆಯದು ತಪ್ಪಿಸಿಕೊಂಡು ಹೋಗಿದೆ ಅಂತ ಆ ಗೆಳೆಯನ ತಾಯಿ ಹೇಳಿದರಂತೆ.

ಆ ಆರನೆಯದು ಈಗ ಎಲ್ಲಿದೆ? ಯಾವ ಬದುವಿನ ಕಲ್ಲಿನ ಕೆಳಗೆ ಬಾಯಿ ಮುಚ್ಚಿಕೊಂಡು ಮಲಗಿದೆ? ಮುಂದಿನ ಜೂನ್‌ನಲ್ಲಿ ಗೊತ್ತಾಗುತ್ತದೆ. ಆಗ ಬೀಜದ ಚೀಲ ಹಿಡಿದು ಎರಡನೇ ಸಲ ಪಾಳಿಯಲ್ಲಿ ನಿಲ್ಲುವವರು ಆ ಮಕ್ಕಳಲ್ಲ, ವಿಡಿಯೊ ಮಾಡಿದವರಲ್ಲ, ಲೈಕ್ ಒತ್ತಿದವರೂ ಅಲ್ಲ.

ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಇಂಥ ಡಬ್ಬಿ ಇದ್ದರೆ ಇವತ್ತೇ ಮುಚ್ಚಳ ತೆಗೆದು ನೋಡಿ. ಮಣ್ಣು ಕೆದರಿ ನೋಡಿ. ಸಾಬೂದಾಣಿಯಂಥದ್ದು ಕಂಡರೆ ಒಂದು ಬಕೆಟ್ ತನ್ನಿ.